ಸವತಿಯ ಎಡಬಾಗಿಲು

ನಾಲ್ಕು ಸ್ಕ್ರೂಗಳೂ ಎದ್ದು ನಿಂತಿದ್ದವು.

ಹಲ್ಲುಜ್ಜೋ ಬ್ರಷ್ಷು ನನ್ನ ಕೈಯಲ್ಲೇ ನಿಂತುಹೋಯ್ತು. ಬೆಳಿಗ್ಗೆ ಎಂಟೂವರೆ. ಹನ್ನೊಂದಕ್ಕೆ ಕಾರು ನೋಡೋಕೆ ಜಡ್ಜು ಬರೋರಿದ್ರು. ನಾನು ಕಾರಿನ ಎಡಬಾಗಿಲ ಹತ್ತಿರ ಸ್ಟೂಲು ಹಾಕ್ಕೊಂಡು, ಬಾಗಿಲ ಒಳಗಡೆ ಚರ್ಮದ ಹಲಗೆ ಹಿಡಿದಿರೋ ಸ್ಕ್ರೂಗಳ ತಲೆ ಮೇಲಿನ ಗೀರಿಂದ ಧೂಳು ಕೀಳ್ತಾ ಕೂತಿದ್ದೆ.

ಸ್ಕ್ರೂವಿನ ಗೀರು ನಿಂತ್ರೇನು ಮಲಗಿದ್ರೇನು, ಈ ಮುದುಕಿಗೆ ಬೇರೆ ಕೆಲಸ ಇಲ್ವಾ ಅಂತ ನೀವು ಕೇಳ್ಬಹುದು. ಇಲ್ಲ. ಮೂರು ವರ್ಷದಿಂದ ಇಲ್ಲ.

ಹೋದ ವಾರ ಕಥೆ ಎಲ್ಲಿಗೆ ಬಿಟ್ಟಿದ್ದೆ? ಶೆಡ್ಡಿನ ಬೀಗ ಹಾಕಿದ ಹಾಗೇ ಇತ್ತು, ಒಳಗಿಂದ ಒಂದು ಸೂಜಿಯೂ ಕಳುವಾಗಿರ್ಲಿಲ್ಲ, ಆದ್ರೆ ಕಾರಿಗೆ ಹೊದಿಸಿದ್ದ ಬಟ್ಟೆ ಹಿಂದುಮುಂದಾಗಿತ್ತು. ಬಾಲದ ಕಡೆ ಬರಬೇಕಾದ ತೇಪೆ ಮೂತಿ ಮೇಲೆ ಕೂತಿತ್ತು. ನಾನು ಹಲ್ಲು ಕೀಳಿಸೋಕೆ ಹೋಗಿದ್ದ ಎರಡೇ ಗಂಟೆಯಲ್ಲಿ ಯಾರೋ ಬಂದು ಹೋಗಿದ್ರು. ಪೊಲೀಸಿನವನು, "ಏನೂ ಕದೀದೆ ಹೋದ ಕಳ್ಳನ್ನ ಏನಂತ ಹಿಡಿಯೋದು ಅಜ್ಜಿ" ಅಂತ ನಕ್ಕು ಕಳಿಸಿದ್ದ.

ನಗಲಿ ಬಿಡಿ. ಇವತ್ತು ನನಗೆ ನಾಲ್ಕು ಸಾಕ್ಷಿ ಸಿಕ್ಕಿದ್ವು. ನಾಲ್ಕೂ ಹಿತ್ತಾಳೆ ತಲೆಯವು, ಸುಳ್ಳು ಹೇಳೋಕೆ ಬರಲ್ಲ.

ಈ ಕಾರಿಗೆ ನಾನಿಟ್ಟ ಹೆಸರು ಸವತಿ. ಮಾವನವರು ಇವಳನ್ನ ಹೊಸದಾಗಿ ತಂದಾಗ ನಾನಿನ್ನೂ ಈ ಮನೆಗೆ ಸೊಸೆಯಾಗಿ ಬಂದಿರ್ಲಿಲ್ಲ, ಹಾಗಾಗಿ ಇವಳೇ ಹಿರಿಯವಳು. ಕೆನೆ ಬಣ್ಣ, ಮೇದು ಬಂದ ಹಸುವಿನ ಹಾಗೆ ದುಂಡಗಿನ ಮೈ, ಎರಡು ದೊಡ್ಡ ಕಣ್ಣು. ನಮ್ಮ ಯಜಮಾನರು ನನ್ನ ಮುಖ ತಿಂಗಳಿಗೊಂದು ಸಲ ನೋಡಿದ್ರೆ ಇವಳ ಬಂಪರನ್ನ ದಿನಕ್ಕೆ ನಲವತ್ತು ಸಲ ನೋಡೋರು. ನಾನು ಅಡುಗೆಮನೇಲಿ ಜಾರಿ ಬಿದ್ದ ದಿನ "ಏನಾಯ್ತು" ಅಂತ ಓಡಿಬಂದ್ರು ನಿಜ. ಆದ್ರೆ ಮೊದಲು ಓಡಿದ್ದು ಶೆಡ್ಡಿಗೆ.

ಮೂರು ವರ್ಷದ ಹಿಂದೆ ಅವರು ಹೋದ ಮೇಲೆ ಮನೇಲಿ ಉಳಿದದ್ದು ನಾವಿಬ್ಬರೇ, ಸವತಿ ಮತ್ತು ನಾನು. ಮಕ್ಕಳಿಲ್ಲ. ಅವರದ್ದು ಗಡಿಯಾರ ರಿಪೇರಿ ಅಂಗಡಿ ಆಗಿದ್ದರಿಂದ ಗೋಡೆ ತುಂಬ ಗಡಿಯಾರಗಳು, ಎಣಿಸಿದ್ರೆ ಸಾವಿರ ಇರಬಹುದು, ಸರಿ, ನಲವತ್ತಾದ್ರೂ ಇವೆ. ಕೀ ಕೊಡೋರಿಲ್ಲದೆ ಒಂದೊಂದು ಒಂದೊಂದು ಹೊತ್ತಿಗೆ ನಿಂತುಹೋಗಿವೆ. ಈ ಕೋಣೇಲಿ ಎರಡು ಗಂಟೆ, ಆ ಕೋಣೇಲಿ ಐದು. ಅಡುಗೆಮನೇದು ಒಂದಕ್ಕೆ ಮಾತ್ರ ನಾನು ಕೀ ಕೊಡ್ತೀನಿ. ಅದೂ ಹೊತ್ತು ನೋಡೋಕಲ್ಲ. ಮನೇಲಿ ಏನಾದ್ರೂ ಸದ್ದು ಇರಲಿ ಅಂತ.

ಸಂಜೆ ಆದ್ರೆ ಬಂದು ಸವತಿಯ ಎಡಗಡೆ ಸೀಟಲ್ಲಿ ಕೂರ್ತೀನಿ. ನನಗೆ ಗಾಡಿ ಓಡಿಸೋಕೆ ಬರಲ್ಲ. ಸುಮ್ನೆ ಕೂತು, ಬಲಗಡೆ ಬಾಗಿಲು ತೆಗೆಯೋ ಸದ್ದಿಗೆ ಕಾಯ್ತೀನಿ. ಅರ್ಧ ಗಂಟೆ ಕಾದು ಎದ್ದು ಹೋಗಿ ಊಟ ಮಾಡ್ತೀನಿ. ಈ ವಾರ ಅದೂ ಇರ್ಲಿಲ್ಲ. ಸೀಟಿನ ಚರ್ಮಕ್ಕೆ ಎಣ್ಣೆ ಹಚ್ಚಿ ಒಣಗೋಕೆ ಬಿಟ್ಟಿದ್ದೆ. ಇಲ್ಲದಿದ್ರೆ ಸ್ಕ್ರೂಗಳು ಎದ್ದಿದ್ದು ಅವತ್ತೇ ಗೊತ್ತಾಗ್ತಿತ್ತು.

ಆ ಎಡಬಾಗಿಲು ಎಲ್ಲರ ಕೈಗೂ ಬಗ್ಗಲ್ಲ. ಹಿಡಿಯನ್ನ ಸ್ವಲ್ಪ ಮೇಲಕ್ಕೆತ್ತಿ, ಮೊಣಕಾಲಿಂದ ಬಾಗಿಲನ್ನ ಮೆತ್ತಗೆ ಒಳಕ್ಕೆ ಒತ್ತಿ, ಆಮೇಲೆ ಎಳೀಬೇಕು. ಹಿಂದೆ ಹೀಗಿರ್ಲಿಲ್ಲ. ಒಂದು ಸಲ ನಾನು ಅಮ್ಮನ ಮನೆಗೆ ಹೋಗಿ ಮೂರು ತಿಂಗಳು ಬಿಟ್ಟು ಬಂದಾಗಿಂದ ಹೀಗೆ. "ನೀನು ಬಿಟ್ಟು ಹೋದ್ಯಲ್ಲ, ಬಾಗಿಲು ಮುನಿಸಿಕೊಂಡಿದೆ" ಅಂದಿದ್ರು ಯಜಮಾನರು.

ನಾಡಿದ್ದು ಹಳೇ ಕಾರುಗಳ ಪ್ರದರ್ಶನ. ಅದರಲ್ಲಿ 'ಹುಟ್ಟಿದ ಹಾಗೇ' ಅಂತ ಒಂದು ವಿಭಾಗ. ಹೊಸ ಬಣ್ಣ ಬಳಿಸ್ಕೊಂಡು ಹೊಸ ಸೀಟು ಹೊಲಿಸ್ಕೊಂಡ ಸುಂದರಿಯರಿಗೆ ಅಲ್ಲಿ ಜಾಗ ಇಲ್ಲ. ಟೈರು, ಬ್ಯಾಟರಿ ಬಿಟ್ರೆ ಮಿಕ್ಕಿದ್ದೆಲ್ಲ ಕಾರ್ಖಾನೆಯಿಂದ ಬಂದಾಗ ಇದ್ದದ್ದೇ ಇರಬೇಕು. ಒಂದು ಭಾಗ ಬದಲಾಗಿದ್ರೂ ಹೊರಗೆ. ಅದಕ್ಕೇ ಮುಂಚಿತವಾಗಿ ಒಬ್ಬರು ಜಡ್ಜು ಮನೆಗೇ ಬಂದು ತಲೆಯಿಂದ ಕಾಲವರೆಗೆ ತಪಾಸಣೆ ಮಾಡ್ತಾರೆ.

ಗೆದ್ರೆ ಸವತಿ ನಾನಿರೋವರೆಗೂ ನನ್ನ ಶೆಡ್ಡಲ್ಲೇ ಇರ್ತಾಳೆ. ಸೋತ್ರೆ ಮೈದುನನಿಗೆ. ಮಾವನವರ ಕಾರು, ಇಬ್ಬರು ಮಕ್ಕಳಿಗೂ ಸೇರಿದ್ದು. "ಅಷ್ಟೊಂದು ದೊಡ್ಡ ಕಾರು ಅಂತೀರಲ್ಲ ಅತ್ತಿಗೆ, ತಿಳಿದೋರು ಹೇಳಲಿ ಬಿಡಿ" ಅಂತ ಅವನೇ ಈ ಷರತ್ತು ಹಾಕಿದ್ದು. ಹೂಂ ಅಂದವಳು ನಾನೇ. ಯಜಮಾನರು ನಲವತ್ತು ವರ್ಷ ಎದೆ ತಟ್ಕೊಂಡು ಹೇಳಿದ್ದನ್ನ ಕೇಳಿದ್ದೆನಲ್ಲ: "ಇವಳ ಮೈಮೇಲೆ ಒಂದು ಮೊಳೆ ಕೂಡ ಹೊರಗಿಂದು ಅಲ್ಲ."

ಮೈದುನನ ಫೋನು ಅಷ್ಟು ಹೊತ್ತಿಗೆ ಬಂತು.

"ಅತ್ತಿಗೆ, ಲಾರಿ ಹೇಳಿದೀನಿ. ಗೆದ್ರೆ ನಿಮ್ಮನೆಗೆ ವಾಪಸ್ಸು. ಸೋತ್ರೆ ಮೈದಾನದಿಂದ ಹಾಗೇ ನಮ್ಮನೆ ಕಡೆ."

"ಇವಳಿಗೆ ಬಳಿಯೋಕೆ ಕೆಂಪು ಬಣ್ಣದ ಡಬ್ಬಿನೂ ತಂದಿಟ್ಟಿದೀಯೇನಪ್ಪ?"

"ಅದು ಆಮೇಲಿನ ಮಾತು. ಕೆಂಪು ಕಾರಿನ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ಳೋಕೆ ಜನ ಬರ್ತಾರೆ ಅತ್ತಿಗೆ. ಕೆನೆ ಬಣ್ಣದ್ದಕ್ಕೆ ಯಾರು ಬರ್ತಾರೆ?"

"ನಾನು ಬರ್ತೀನಿ. ದಿನಾ ಸಂಜೆ."

ಅವನು ಫೋನಿಟ್ಟ. ಮೈದುನ ಕೆಟ್ಟವನಲ್ಲ, ಬರೀ ದಡ್ಡ. ಶೆಡ್ಡಿಗೆ ನುಗ್ಗಿದ್ದು ಅವನೇ ಅಂತ ಐದು ದಿನದಿಂದ ಅಂದ್ಕೊಂಡಿದ್ದೆ. ಈ ಸ್ಕ್ರೂ ನೋಡಿದ ಮೇಲೆ ಅವನನ್ನ ಬಿಟ್ಟುಬಿಟ್ಟೆ. ಯಾಕೆ ಅಂತ ಹೇಳ್ತೀನಿ.

ಗಡಿಯಾರದ ಮನುಷ್ಯ ಅಲ್ವಾ ಯಜಮಾನರು, ಸ್ಕ್ರೂ ಬಿಗಿ ಮಾಡಿದ್ರೆ ಗೀರು ನೆಟ್ಟಗೆ ನಿಲ್ಲಬೇಕು, ಮೇಲಿಂದ ಕೆಳಕ್ಕೆ, ಆರು ಗಂಟೆಗೆ ಎರಡು ಮುಳ್ಳೂ ನಿಲ್ಲೋ ಹಾಗೆ. ಇಡೀ ಕಾರಿನ ಸ್ಕ್ರೂಗಳೆಲ್ಲ ಆರು ಗಂಟೆ. ಒಂದು ಓರೆ ಇದ್ರೂ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ.

ಎಡಬಾಗಿಲಿನ ಈ ನಾಲ್ಕು ಮಾತ್ರ ಬೇರೆ. ಇವು ಅಡ್ಡ ಮಲಗಿರ್ತಿದ್ವು. "ನನ್ನ ಕಡೆ ಆರು ಗಂಟೆ, ನಾನು ಏಳೋ ಹೊತ್ತು. ನಿನ್ನ ಕಡೆ ಒಂಬತ್ತೂಕಾಲು, ನೀನು ಮಲಗೋ ಹೊತ್ತು" ಅನ್ನೋರು. ಗಡಿಯಾರದಲ್ಲಿ ಒಂಬತ್ತೂಕಾಲಿಗೆ ಮುಳ್ಳುಗಳು ಅಡ್ಡ ಗೆರೆ ಆಗ್ತವಲ್ಲ, ಹಾಗೆ. ನಾನು ಕಾರು ಹತ್ತಿದ್ರೆ ಮೊದಲನೇ ತಿರುವಿಗೆ ಗೊರಕೆ ಶುರು. ನನ್ನ ಗೊರಕೆಗೆ ಮುಂದಿನ ಗಾಡಿಯವರು ಹಾರ್ನು ಅಂತ ದಾರಿ ಬಿಡ್ತಿದ್ರು ಅಂತ ಅವರು ಊರೆಲ್ಲ ಹೇಳಿಕೊಂಡು ಬಂದಿದ್ರು. ಆದ್ರೆ ಈ ಒಂಬತ್ತೂಕಾಲಿನ ತಮಾಷೆ ಯಾರಿಗೂ ಹೇಳಿರ್ಲಿಲ್ಲ. ಅದು ನಮ್ಮಿಬ್ಬರದ್ದು.

ಈಗ ಯೋಚನೆ ಮಾಡಿ. ಮೈದುನ ಬಿಚ್ಚಿದ್ದಿದ್ರೆ ಸ್ಕ್ರೂಗಳು ನಾಲ್ಕು ದಿಕ್ಕಿಗೆ ಮುಖ ಮಾಡಿರ್ತಿದ್ವು. ಅವನು ಸ್ಕ್ರೂಡ್ರೈವರನ್ನ ಸಾರಿನ ಸೌಟು ಹಿಡಿದ ಹಾಗೆ ಹಿಡೀತಾನೆ.

ಇನ್ನೊಬ್ಬರ ಮೇಲೂ ಅನುಮಾನ ಇತ್ತು, ಹಲ್ಲಿನ ಡಾಕ್ಟರು. ಅದೇ ವಿಭಾಗದಲ್ಲಿ ಅವರ ನೀಲಿ ಕಾರೂ ಇದೆ. ಆದ್ರೆ ಆ ಎರಡು ಗಂಟೆ ಅವರ ಎರಡೂ ಕೈ ನನ್ನ ಬಾಯೊಳಗೇ ಇದ್ವು. ಅದಕ್ಕಿಂತ ಗಟ್ಟಿ ಸಾಕ್ಷಿ ಯಾವ ಕೋರ್ಟಲ್ಲೂ ಸಿಗಲ್ಲ.

ಹಾಗಾದ್ರೆ ಬಿಚ್ಚಿದವನಿಗೆ ಆರು ಗಂಟೆಯ ನಿಯಮ ಗೊತ್ತು, ಒಂಬತ್ತೂಕಾಲು ಗೊತ್ತಿಲ್ಲ. ಯಜಮಾನರ ಕೈಕೆಳಗೆ ಕೆಲಸ ಕಲಿತವನು. ಶೆಡ್ಡಿನ ಇನ್ನೊಂದು ಬೀಗದ ಕೈ ಇಟ್ಟುಕೊಂಡವನು.

ಭೂಮಿ ಮೇಲೆ ಅಂಥವನು ಒಬ್ಬನೇ. ಅವನೇ ಗೇಟು ತಳ್ಕೊಂಡು ಒಳಗೆ ಬರ್ತಿದ್ದ.

ಈ ನಮ್ಮ ಮೆಕ್ಯಾನಿಕ್ಕಿಗೆ ಊರಿಟ್ಟ ಹೆಸರು ಸೈಲೆನ್ಸರ್. ವರ್ಷಕ್ಕೆ ಹತ್ತು ಮಾತಾಡ್ತಾನೆ, ಅದರಲ್ಲಿ ಎಂಟು ಕೆಮ್ಮು. ಇಪ್ಪತ್ತರ ಹರೆಯದಿಂದ ಯಜಮಾನರ ಬೆನ್ನ ಹಿಂದೆ ತಿರುಗಿದವನು, ಈಗ ತಲೆ ಪೂರ್ತಿ ಹಣ್ಣಾಗಿದೆ. ಅವರನ್ನ ಗುರುಗಳೇ ಅಂತಿದ್ದ, ನನ್ನನ್ನ ಅಕ್ಕ ಅಂತಾನೆ. ಪ್ರತಿ ಭಾನುವಾರ ಬಂದು ಸವತಿಯ ಇಂಜಿನ್ನು ಹತ್ತು ನಿಮಿಷ ಓಡಿಸಿ ಹೋಗ್ತಾನೆ. ವಾರದಲ್ಲಿ ನನ್ನ ಮನೆಗೆ ಬರೋ ಜನ ಅಂದ್ರೆ ಅವನೇ. ಅದು ನೆನಪಾಗಿ ಒಂದು ಕ್ಷಣ, ಕೇಳೋದೇ ಬೇಡ ಅನ್ನಿಸ್ತು. ಕೇಳಿದ್ರೆ ಭಾನುವಾರವೂ ಹೋಗುತ್ತೇನೋ ಅಂತ.

"ಟೀ ಇದೆ," ಅಂದೆ. "ಕುಡ್ಕೊಂಡು ಟೈರು ನೋಡು."

ಅವನು ಟೀ ಕುಡಿದ. ಟೈರಿನ ಗಾಳಿ ನೋಡಿದ. ಮುಂದಿನ ಗ್ರಿಲ್ಲಿನ ಹಲ್ಲುಗಳ ಸಂದೀಲಿ ಬಟ್ಟೆ ಸುತ್ತಿದ ಕಡ್ಡಿ ಹಾಕಿ ಒರೆಸಿದ. ಸುತ್ತಿ ಸುತ್ತಿ ಕೆಲಸ ಮಾಡಿದ, ಎಡಬಾಗಿಲ ಕಡೆ ಮಾತ್ರ ಬರಲಿಲ್ಲ.

"ನನ್ನ ಮೂಗು ಎಂಥದ್ದು ಅಂತ ಗೊತ್ತಲ್ಲ ನಿನಗೆ?"

"ಹೂಂ."

"ಮೂರನೇ ಬೀದೀಲಿ ಹಾಲು ಉಕ್ಕಿದ್ರೆ ಇಲ್ಲಿಂದ ಕೂಗಿ ಒಲೆ ಆರಿಸಿ ಅಂತೀನಿ."

"ಹೂಂ."

"ನಲವತ್ತು ವರ್ಷದಿಂದ ಬಣ್ಣ ಕಾಣದ ಕಾರಿನ ಬಾಗಿಲಿಂದ ಹೊಸ ಬಣ್ಣದ ವಾಸನೆ ಯಾಕೆ ಬರ್ತಿದೆ?"

ಅವನು ಕೆಮ್ಮಿದ. ಈ ವರ್ಷದ ಕೋಟಾದಲ್ಲಿ ಒಂದು ಖರ್ಚಾಯ್ತು.

"ವ್ಯಾಕ್ಸ್ ಇರಬೇಕು ಅಕ್ಕ."

"ವ್ಯಾಕ್ಸು ನಾನೇ ಹಚ್ಚಿದ್ದು. ಎಡಗೈ ತೋರ್ಸು."

ಅವನು ತೋರಿಸಲಿಲ್ಲ. ತೋರಿಸೋದು ಬೇಕೂ ಇರ್ಲಿಲ್ಲ. ವಾಚಿನ ಪಟ್ಟಿಯ ಅಂಚಲ್ಲಿ ಅಕ್ಕಿ ಕಾಳಿನಷ್ಟು ಕೆನೆ ಬಣ್ಣ ಒಣಗಿ ಕೂತಿದ್ದು ಅವನು ಟೀ ಲೋಟ ಎತ್ತಿದಾಗಲೇ ನೋಡಿದ್ದೆ. ಆ ವಾಚು ಯಜಮಾನರು ಕೊಟ್ಟಿದ್ದು.

"ಈ ನಾಲ್ಕು ಸ್ಕ್ರೂ ನೀನು ಬಿಚ್ಚಿದಾಗ ಹೇಗಿದ್ವು?"

ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟ. ಆಮೇಲೆ ಅಪರಾಧಿ ಒಪ್ಪಿಕೊಳ್ಳೋ ಹಾಗಲ್ಲ, ಕೆಲಸಗಾರ ಬೇಜಾರು ಹೇಳಿಕೊಳ್ಳೋ ಹಾಗೆ ಹೇಳಿದ.

"ನಾಲ್ಕೂ ಅಡ್ಡ ಇದ್ವು ಅಕ್ಕ. ಗುರುಗಳ ಗಾಡೀಲಿ ಅಡ್ಡ ಸ್ಕ್ರೂನಾ ಅಂತ ಮನಸ್ಸಿಗೆ ತಡೀಲಿಲ್ಲ. ಅಲುಗಾಡಿ ತಿರುಗಿರಬೇಕು ಅಂದ್ಕೊಂಡು ಸರಿ ಮಾಡಿದೆ."

ನೋಡಿ, ಕಳ್ಳತನ ಮಾಡೋಕೆ ಬಂದವನು ಓರೆಯಾಗಿದ್ದನ್ನ ನೆಟ್ಟಗೆ ಮಾಡಿ ಹೋಗಿ ಸಿಕ್ಕಿಹಾಕ್ಕೊಂಡ. ಯಜಮಾನರ ಶಿಷ್ಯ ಮಾತ್ರ ಮಾಡೋ ತಪ್ಪು ಅದು. ನಗು ಬರಬೇಕಿತ್ತು. ಬರಲಿಲ್ಲ.

ಸ್ಕ್ರೂಡ್ರೈವರ್ ಅವನ ಕಡೆ ಚಾಚಿದೆ. "ಬಿಚ್ಚು."

"ಬೇಡ ಅಕ್ಕ."

"ನಾನೇ ಬಿಚ್ತೀನಿ ಬಿಡು."

"ಅಕ್ಕ, ಹನ್ನೊಂದಕ್ಕೆ ಜಡ್ಜು ಬರ್ತಾರೆ. ಹೀಗೇ ಬಿಟ್ರೆ ಯಾರಿಗೂ ಗೊತ್ತಾಗಲ್ಲ. ನೀವು ಗೆಲ್ತೀರ."

"ಯಾರಿಗೂ ಗೊತ್ತಾಗದ್ದು ಏನು?"

ಅವನು ಕೆಮ್ಮಿದ, ಕೋಟಾದಲ್ಲಿ ಇನ್ನೊಂದು ಖರ್ಚಾಯ್ತು.

ನಾಲ್ಕೂ ಸ್ಕ್ರೂ ಬಿಚ್ಚಿ ಸೆರಗಿನ ತುದೀಲಿ ಗಂಟು ಹಾಕ್ಕೊಂಡೆ. ಗ್ಲಾಸು ಇಳಿಸೋ ಹಿಡಿಯ ಪಿನ್ನು ತೆಗೆದೆ. ಒಳಹಲಗೆ ಮೆತ್ತಗೆ ಈಚೆ ಬಂತು.

ಒಳಗೆಲ್ಲ ಕೆನೆ ಬಣ್ಣ. ಹಸಿ ಹಸಿ ಹೊಳಪು, ಕುಂಚದ ಎಳೆ ಎಳೆ ಗುರುತು. ಮುಖಕ್ಕೆ ಅವಸರದಲ್ಲಿ ಪೌಡರ್ ಬಳ್ಕೊಂಡ ಹಾಗಿತ್ತು. ಯಜಮಾನರ ಪೆಟ್ಟಿಗೆಯಿಂದ ಗಡಿಯಾರದ ಹೊಟ್ಟೆ ನೋಡೋ ಕಡ್ಡಿಗನ್ನಡಿ ತಂದು, ಬಾಗಿಲಿನ ಕೆಳಮೂಲೆಗೆ, ಕುಂಚದ ಕೈ ಹೋಗದ ಕಡೆ ಹಿಡಿದೆ.

ಕನ್ನಡೀಲಿ ಹಸಿರು ಕಾಣಿಸ್ತು.

ಗಾಢ ಹಸಿರು, ಹಳೇ ಹಸಿರು. ಸವತಿ ಮೈಮೇಲೆ ಎಲ್ಲೂ ಇಲ್ಲದ ಬಣ್ಣ.

"ಇದು ಇವಳ ಬಾಗಿಲಲ್ಲ," ಅಂದೆ. ನನ್ನ ಧ್ವನಿ ನನಗೇ ಪಕ್ಕದ ಮನೆಯವಳದ್ದು ಅನ್ನಿಸ್ತು.

"ಅಲ್ಲ ಅಕ್ಕ."

"ಯಾವಾಗ?"

"ಮೂವತ್ತೊಂದು ವರ್ಷ ಆಯ್ತು. ನಿಮ್ಮ ಅಮ್ಮಂಗೆ ಸೊಂಟ ಮುರಿದಿತ್ತಲ್ಲ."

ನನ್ನ ಅಮ್ಮ ಬಚ್ಚಲಲ್ಲಿ ಬಿದ್ದು, ನಾನು ಹೋಗಿ ಮೂರು ತಿಂಗಳು ಅವಳ ಹಾಸಿಗೆ ಪಕ್ಕ ಕೂತಿದ್ದ ವರ್ಷ. ವಾರಕ್ಕೊಂದು ಪತ್ರ ಬರ್ತಿತ್ತು ಯಜಮಾನರದ್ದು. ನನಗೆ ಓದೋಕೆ ಕಷ್ಟ ಅಂತ ದಪ್ಪ ದಪ್ಪ ಅಕ್ಷರದಲ್ಲಿ ಬರೆಯೋರು. ಸವತಿ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೀನಿ, ನೀನಿಲ್ಲದೆ ಮನೆ ಭಣಭಣ ಅನ್ನುತ್ತೆ. ಆ ಪತ್ರಗಳೆಲ್ಲ ಇವತ್ತೂ ನನ್ನ ಹತ್ತಿರ ಇವೆ.

"ಏನಾಯ್ತು ಹೇಳು."

"ತಿರುವಲ್ಲಿ ಹಾಲಿನ ವ್ಯಾನು ಬಂದು ಎಡಗಡೆಗೆ ಗುದ್ದಿತು. ಬಾಗಿಲು ಹಪ್ಪಳ ಆಗಿತ್ತು. ಅದೇ ಮಾದರಿ ಹಸಿರು ಗಾಡಿ ಒಂದು ಗುಜರಿಗೆ ಬಂದಿತ್ತು, ಅದರ ಬಾಗಿಲು ತಂದು ಕೂರಿಸಿದೆ. ನಾಲ್ಕು ದಿನ ಕಲೆಸಿ ಕಲೆಸಿ ಹೊರಗಡೆ ಬಣ್ಣ ಹೊಂದಿಸಿದೆ ಅಕ್ಕ. ಇವತ್ತಿನವರೆಗೂ ಒಬ್ಬರೂ ಕಂಡುಹಿಡಿದಿಲ್ಲ." ಹೇಳೋವಾಗ ಅವನ ಮುಖದಲ್ಲಿ ಸ್ವಲ್ಪ ಹೆಮ್ಮೆ ಬಂದು ತಕ್ಷಣ ನಾಚಿಕೊಂಡು ಹೋಯ್ತು. "ಒಳಗಡೆ ಯಾರು ನೋಡ್ತಾರೆ ಅಂತ ಹಾಗೇ ಬಿಟ್ಟೆವು. ಈಗ ಜಡ್ಜು ಅಂದ್ರಲ್ಲ, ಅವರು ಕನ್ನಡಿ ಹಾಕಿ ನೋಡ್ತಾರೆ. ನಿಮಗೆ ಗೊತ್ತಾಗೋದೂ ಬೇಡ, ನೀವು ಸೋಲೋದೂ ಬೇಡ ಅಂತ..."

"ಹಲಗೆ ಕೂರಿಸು," ಅಂದೆ.

ಅವನು ಕೂರಿಸಿದ. ಸ್ಕ್ರೂಗಳನ್ನ ನಾನೇ ಹಾಕಿದೆ. ಆರು ಗಂಟೆಗೆ ತಂದು ನಿಲ್ಲಿಸಿ, ಆಮೇಲೆ ಇನ್ನೊಂದು ಕಾಲು ಸುತ್ತು. ಒಂಬತ್ತೂಕಾಲು. ಅವನು ನನ್ನ ಕೈಯನ್ನೇ ನೋಡ್ತಿದ್ದ.

"ಅಡ್ಡ ಹಾಕ್ತಿದೀರಲ್ಲ ಅಕ್ಕ."

"ಇವು ಹೀಗೇ ಇದ್ದದ್ದು. ನಿಂಗೆ ಗೊತ್ತಿರ್ಲಿಲ್ವಾ?"

"ಇಲ್ಲ. ಆವಾಗಿಂದ ಈ ಬಾಗಿಲು ಮುಟ್ಟೋಕೆ ಬಿಟ್ಟಿಲ್ಲ ಗುರುಗಳು."

ಅಷ್ಟು ವರ್ಷ ಅವರ ಪಕ್ಕದಲ್ಲೇ ನಿಂತವನಿಗೆ ಗೊತ್ತಿರ್ಲಿಲ್ಲ. ನನಗೆ ಹೇಳಿದ್ದು ಯಾವಾಗ ಅಂತ ನೆನಪು ಮಾಡ್ಕೊಂಡೆ. ಅಮ್ಮನ ಮನೆಯಿಂದ ಬಂದ ವಾರವೇ. ಅದಕ್ಕೆ ಮುಂಚೆ ಈ ನಾಲ್ಕು ಸ್ಕ್ರೂಗಳೂ ಎಲ್ಲದರ ಹಾಗೆ ನಿಂತಿರ್ತಿದ್ವು. ಯಾರಾದ್ರೂ ಈ ಬಾಗಿಲು ಬಿಚ್ಚಿದ್ರೆ ತಮಗೆ ಗೊತ್ತಾಗಲಿ ಅಂತ ಅಡ್ಡ ಮಲಗಿಸಿ, ಅದಕ್ಕೊಂದು ತಮಾಷೆ ಹೊದಿಸಿಬಿಟ್ಟಿದ್ರು. ನಾನು ಮೂವತ್ತೊಂದು ವರ್ಷ ಆ ತಮಾಷೆನ ಮುದ್ದು ಮಾಡಿ ಸಾಕಿದ್ದೆ. ಅದು ಬೀಗ ಆಗಿತ್ತು.

ಆದ್ರೆ ಒಂದು ಮಾತು ತಲೇಲಿ ಕೂರಲಿಲ್ಲ. ಒಂದು ಬಾಗಿಲು ಜಜ್ಜಿಹೋದ್ರೆ ಹೆಂಡತಿ ಹತ್ತಿರ ಯಾಕೆ ಮುಚ್ಚಿಡಬೇಕು? ನಾನೇನು ಬೈಯ್ತಿದ್ನಾ? ಸವತಿಗೆ ಪೆಟ್ಟಾಯ್ತು ಅಂತ ಒಳಗೊಳಗೇ ಪಾಯಸ ಕುಡೀತಿದ್ದೆ.

"ವ್ಯಾನು ಗುದ್ದಿದ್ದು ಎಡಗಡೆಗೆ ಅಲ್ವಾ?"

"ಹೂಂ."

"ಬಾಗಿಲು ಹಪ್ಪಳ ಆಯ್ತು ಅಂದೆ."

"ಹೂಂ."

"ಎಡಗಡೆ ಸೀಟಲ್ಲಿ ಯಾರು ಕೂತಿದ್ರು?"

ಅವನು ಸ್ಕ್ರೂಡ್ರೈವರ್ ಒರೆಸಿದ. ಎರಡೂ ಕಡೆ ಒರೆಸಿದ. ಇನ್ನು ಒರೆಸಿದ್ರೆ ಅದು ಸವೆದು ಸೂಜಿ ಆಗ್ತಿತ್ತು.

"ನಾನು ಗಾಡಿ ನೋಡಿದ್ದು ಶೆಡ್ಡಿಗೆ ಬಂದ ಮೇಲೆ ಅಕ್ಕ."

"ನಾನು ಕೇಳಿದ್ದು ಅದಲ್ಲ."

"ಸೀಟಲ್ಲಿ..." ಅಂದ. ಆಮೇಲೆ, "ಸೀಟು ತೊಳೆದಿದ್ದು ನಾನೇ," ಅಂದ.

ಏನು ತೊಳೆದೆ ಅಂತ ಕೇಳೋಳಿದ್ದೆ. ಅಷ್ಟರಲ್ಲಿ ಗೇಟಿನ ಸದ್ದಾಯ್ತು.

ಹನ್ನೊಂದಕ್ಕೆ ಇನ್ನೂ ಐದು ನಿಮಿಷ ಇತ್ತು. ಜಡ್ಜು ಅಂದ್ರೆ ಹೊಟ್ಟೆ ಮುಂದೆ ಬಿಟ್ಟು, ಭೂತಗನ್ನಡಿ ಹಿಡಿದು ಬರೋ ಗಂಡಸು ಅಂತ ನಾನು ಅಂದ್ಕೊಂಡಿದ್ದೆ. ಬಂದದ್ದು ಒಬ್ಬ ಹೆಂಗಸು. ಹೆಚ್ಚು ಕಡಿಮೆ ನನ್ನದೇ ವಯಸ್ಸು. ಬೆಳ್ಳಿ ಕೂದಲು ಗಿಡ್ಡಕ್ಕೆ ಕತ್ತರಿಸಿದ್ರು, ಬಲಹೆಗಲಲ್ಲಿ ಚೀಲ. ಎಡಗೈ ಮೊಣಕೈ ಹತ್ತಿರ ಮಡಚಿಕೊಂಡೇ ಇತ್ತು, ಮಗು ಎತ್ತಿಕೊಂಡು ಇಳಿಸೋಕೆ ಮರೆತೋರ ಹಾಗೆ.

"ಬೇರೆಯವರು ಬರಬೇಕಿತ್ತು," ಅಂದ್ರು. "ಈ ಗಾಡಿ ನಾನೇ ಕೇಳಿ ತಗೊಂಡೆ."

"ಒಳ್ಳೇದಾಯ್ತು. ಟೀ ಮಾಡ್ಲಾ?"

"ಆಮೇಲೆ. ಮೊದಲು ಕೆಲಸ."

ಸೈಲೆನ್ಸರ್ ಬಗ್ಗಿ ಟೈರಿನ ಗಾಳಿ ನೋಡೋಕೆ ಶುರು ಮಾಡಿದ. ಆಗಲೇ ನೋಡಿದ್ದ ಟೈರು. ತಲೆ ಎತ್ತಲೇ ಇಲ್ಲ.

ಅವರು ನನ್ನ ಕೈಗೆ ಒಂದು ರಟ್ಟು, ಅದರ ಮೇಲೆ ಸಿಕ್ಕಿಸಿದ ಫಾರಂ, ಒಂದು ಪೆನ್ನು ಕೊಟ್ರು. "ಮಿಕ್ಕಿದ್ದು ನಾನು ತುಂಬ್ತೀನಿ. ಕೊನೇ ಪ್ರಶ್ನೆ ಮಾತ್ರ ಗಾಡಿ ಇಟ್ಟುಕೊಂಡೋರೇ ಕೈಯಾರೆ ಬರೀಬೇಕು."

ನಾನು ಬೆರಳಿಟ್ಟು ಓದಿದೆ. ಈ ಗಾಡಿಯ ಯಾವುದಾದರೂ ಭಾಗ ಬದಲಾಗಿದೆಯೇ? ಹೌದು ಅಥವಾ ಇಲ್ಲ. ಹೌದು ಎಂದರೆ, ಕೆಳಗೆ ಮೂರು ಗೆರೆ: ಯಾವ ಭಾಗ, ಯಾವಾಗ, ಯಾಕೆ.

ಒಂದು 'ಇಲ್ಲ' ಸಾಕಿತ್ತು. ಎರಡೇ ಅಕ್ಷರ, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೂ ಬರುತ್ತೆ. ಸೈಲೆನ್ಸರಿನ ಬಣ್ಣ ಒಳಗಿತ್ತು, ಹಲಗೆ ಮುಚ್ಚಿತ್ತು. 'ಇಲ್ಲ' ಅಂದ್ರೆ ಸವತಿ ನನ್ನವಳು, ಸಂಜೆ ಕೂರೋಕೆ ಒಂದು ಜಾಗ. 'ಹೌದು' ಅಂದ್ರೆ ಲಾರಿ, ಕೆಂಪು ಬಣ್ಣ, ಖಾಲಿ ಶೆಡ್ಡು.

ಜಡ್ಜಮ್ಮ ಎಲ್ಲರ ಹಾಗೆ ಮೂತಿ ಕಡೆಯಿಂದ ಶುರು ಮಾಡ್ತಾರೆ ಅಂತ ಅಂದ್ಕೊಂಡಿದ್ದೆ. ಮಾಡಲಿಲ್ಲ. ಬಾನೆಟ್ಟು ನೋಡಲಿಲ್ಲ, ವಾರವಿಡೀ ನನ್ನ ಬೆರಳಚ್ಚು ಸವೆಯೋ ಹಾಗೆ ಉಜ್ಜಿದ ಬಂಪರು ನೋಡಲಿಲ್ಲ. ನೇರ ಎಡಗಡೆಗೆ ಹೋದ್ರು.

ಆ ಬಾಗಿಲನ್ನ ಮೈದುನ ಹೋದ ತಿಂಗಳು ಹತ್ತು ನಿಮಿಷ ಜಗ್ಗಾಡಿ ಬೆವರು ಒರೆಸ್ಕೊಂಡಿದ್ದ. ಹಲ್ಲಿನ ಡಾಕ್ಟರು, ಎಂಥೆಂಥ ದವಡೆಹಲ್ಲು ಕಿತ್ತವರು, ಇದರ ಮುಂದೆ ಸೋತು ಹೋಗಿದ್ರು.

ಜಡ್ಜಮ್ಮ ಬಲಗೈಯಿಂದ ಹಿಡಿಯನ್ನ ಸ್ವಲ್ಪ ಮೇಲಕ್ಕೆತ್ತಿದ್ರು. ಮೊಣಕಾಲಿಂದ ಬಾಗಿಲನ್ನ ಮೆತ್ತಗೆ ಒತ್ತಿದ್ರು. ಎಳೆದ್ರು.

ಬಾಗಿಲು ಸದ್ದಿಲ್ಲದೆ ತೆಗೀತು.

ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಸವತಿಯ ಸ್ವಂತ ಬಾಗಿಲಿಗೆ ಈ ಕಷ್ಟ ಇರ್ಲಿಲ್ಲ. ಇದು ಹಸಿರು ಬಾಗಿಲಿನ ಜೊತೆ ಬಂದ ಕಾಯಿಲೆ. ಅಂದ್ರೆ ಈ ಹೆಂಗಸು ಇಲ್ಲಿ ಕೂತದ್ದು ವ್ಯಾನು ಗುದ್ದಿದ ದಿನ ಒಂದೇ ಅಲ್ಲ. ಆಮೇಲೂ ಕೂತಿದ್ದಾರೆ. ಮೊಣಕಾಲಿಗೆ ಅಭ್ಯಾಸ ಆಗೋವಷ್ಟು ಸಲ.

ಅವರು ಬಗ್ಗಿ ಒಳಹಲಗೆ ನೋಡಿದ್ರು. ಹೆಬ್ಬೆರಳನ್ನ ಒಂದು ಸ್ಕ್ರೂ ಮೇಲಿಟ್ಟು, ಗೀರಿನ ಉದ್ದಕ್ಕೂ ಅಡ್ಡಡ್ಡ ಸವರಿದ್ರು.

"ಒಂಬತ್ತೂಕಾಲು," ಅಂದ್ರು, ತಮ್ಮಷ್ಟಕ್ಕೆ ತಾವೇ.

ಶೆಡ್ಡು ಅಷ್ಟು ನಿಶ್ಶಬ್ದ ಆಯ್ತು ಅಂದ್ರೆ ಅಡುಗೆಮನೆಯ ಗಡಿಯಾರ ಅಂಗಳ ದಾಟಿ ಕೇಳಿಸ್ತಿತ್ತು. ಈ ಸಲ ನಾನು ಜಾಸ್ತಿ ಮಾಡಿ ಹೇಳ್ತಿಲ್ಲ.

ನಾನು ಕಾರಿನ ಬಾನೆಟ್ಟಿನ ಮೇಲೆ ರಟ್ಟು ಇಟ್ಟೆ. ಬಣ್ಣಕ್ಕೆ ಗೀರು ಬಿದ್ದೀತು ಅನ್ನೋ ಯೋಚನೇನೂ ಬರಲಿಲ್ಲ. ಹೌದು ಅಂತ ಬರೆದೆ. ಯಾವ ಭಾಗ ಅನ್ನೋ ಕಡೆ ಎಡಬಾಗಿಲು ಅಂತ ಬರೆದೆ. ಯಾವಾಗ ಅನ್ನೋ ಕಡೆ ಮೂವತ್ತೊಂದು ವರ್ಷ ಅಂತ ಬರೆದೆ. ನನ್ನ ಕೈ ನಿಧಾನ, ಅದಕ್ಕೇ ಬೇರೆಯವರಿಗಾದ್ರೆ ಒಂದು ಪತ್ರ ಬರೆಯೋವಷ್ಟು ಹೊತ್ತು ಹಿಡೀತು. ಸೈಲೆನ್ಸರ್ ಟೈರಿನ ಹತ್ತಿರದಿಂದ "ಅಕ್ಕ, ಬೇಡ" ಅಂದ. ಅವನು ಇವತ್ತೊಂದೇ ದಿನ ಹತ್ತು ವರ್ಷದ ಮಾತು ಆಡಿಬಿಟ್ಟಿದ್ದ.

ಕೊನೇ ಗೆರೆ ಉಳೀತು.

ರಟ್ಟು ತಗೊಂಡು ಎಡಗಡೆಗೆ ಹೋದೆ. ಜಡ್ಜಮ್ಮ ಅಷ್ಟರಲ್ಲಿ ಸೀಟಲ್ಲಿ ಕೂತುಬಿಟ್ಟಿದ್ರು, ನನ್ನ ಸೀಟಲ್ಲಿ, ಬಲಗಡೆ ಬಾಗಿಲಿನ ಕಡೆ ಮುಖ ಮಾಡಿ. ನಾನು ಸಂಜೆ ಕೂರೋದೂ ಹಾಗೇ.

"ಮೂರರಲ್ಲಿ ಎರಡು ನಾನು ಬರೆದಿದೀನಿ," ಅಂದೆ. "'ಯಾಕೆ' ಅನ್ನೋದು ನನಗೆ ಗೊತ್ತಿಲ್ಲ. ಅದನ್ನ ನೀವೇ ಬರೀಬೇಕು."

ಅವರು ನನ್ನ ಮುಖ ನೋಡಲಿಲ್ಲ. ಮಡಚಿದ ಎಡಗೈ ಮೇಲೆ ರಟ್ಟು ಇಟ್ಟುಕೊಂಡು, ಬಲಗೈ ಚಾಚಿ ಪೆನ್ನು ತಗೊಂಡ್ರು.